ಅಕ್ಕನ ಕುಂಬಳಕ್ಕೆ ಬಿದ್ದ ತೂತು

ನನ್ನ ಅಕ್ಕ ತಪ್ಪು ತೂಕ ಹೇಳಿದವಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಈಗ ನಮ್ಮ ಊರಿನಲ್ಲಿ ಯಾರ ಬಾಯಿಂದಲೂ ಈ ಮಾತು ಬರುವುದಿಲ್ಲ. ಹೆದ್ದಾರಿ ಪಕ್ಕದ ವೇಬ್ರಿಡ್ಜಿನಲ್ಲಿ ಲಾರಿ ತೂಗುವುದು ಅವಳ ಕೆಲಸ. ಲಾರಿ ಬಂದು ಕಬ್ಬಿಣದ ಹಾಸಿನ ಮೇಲೆ ನಿಂತಿತೆಂದರೆ ಡ್ರೈವರ್ ಕೆಳಗೆ, ಕ್ಲೀನರ್ ಕೆಳಗೆ, ಕ್ಯಾಬಿನ್ನಿನಲ್ಲಿ ನಾಯಿ ಮಲಗಿದ್ದರೆ ಅದೂ ಕೆಳಗೆ. ಜಲ್ಲಿ ವ್ಯಾಪಾರಿಯೊಬ್ಬ ಒಮ್ಮೆ ಅವಳ ಮೇಜಿನ ಮೇಲೆ ಸಿಹಿತಿಂಡಿಯ ದೊಡ್ಡ ಪೆಟ್ಟಿಗೆ ಇಟ್ಟು ಹಲ್ಲು ಕಿರಿದನಂತೆ. ಅಕ್ಕ ಆ ಪೆಟ್ಟಿಗೆಯನ್ನು ಲಾರಿಗೆ ಹತ್ತಿಸಿ, ಅದರ ಸಮೇತ ಇನ್ನೊಮ್ಮೆ ತೂಗಿ ಚೀಟಿ ಹರಿದುಕೊಟ್ಟಳು. ಬೈಯುವವರು ಬೈದರು. ಆದರೆ ಅವಳು ಕೊಟ್ಟ ಚೀಟಿ ಸರಿಯೇ ಎಂದು ಬೇರೆ ಕಡೆ ತೂಗಿಸಿ ನೋಡುವ ಗೋಜಿಗೆ ಯಾರೂ ಹೋಗುತ್ತಿರಲಿಲ್ಲ.

ಅವಳ ಗಂಡ, ಅಂದರೆ ನನ್ನ ಭಾವ, ಡ್ರೈವಿಂಗ್ ಸ್ಕೂಲ್ ಇಟ್ಟಿದ್ದವರು. ಊರಿನ ಅರ್ಧ ಜನಕ್ಕೆ ಸ್ಟೀರಿಂಗ್ ಹಿಡಿಯಲು ಕಲಿಸಿದ್ದು ಅವರೇ. ಕಲಿಸುವ ಕಾರಿನಲ್ಲಿ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕ್ ಇರುತ್ತದಲ್ಲ, ಅದರ ಮೇಲಿಂದ ಅವರ ಕಾಲು ಏಳುತ್ತಿರಲಿಲ್ಲ. ಕಲಿಯುವವರು ಸರಿಯಾಗಿಯೇ ಓಡಿಸುತ್ತಿದ್ದರೂ ನಡುರಸ್ತೆಯಲ್ಲಿ ಗಕ್ಕನೆ ತುಳಿದು, ‘ನೋಡಿದ್ಯಾ, ನಾನಿಲ್ದೇ ಇದ್ದಿದ್ರೆ?’ ಎನ್ನುವರು. ಹಾಗಾಗಿ ಊರಿಗೆಲ್ಲ ಬ್ರೇಕ್ ಮೇಷ್ಟ್ರು. ಮನೆಯಲ್ಲೂ ಅದೇ ಚಾಳಿ. ಅಕ್ಕ ಏನಾದರೂ ಗುನುಗಿದರೆ ಬ್ರೇಕು, ನನ್ನ ಜೊತೆ ಕೂತು ನಕ್ಕರೆ ಬ್ರೇಕು. ಈ ಮನುಷ್ಯನನ್ನು ಕಂಡರೆ ನನಗೆ ಮೊದಲಿನಿಂದಲೂ ಆಗದು, ಅವರಿಗೂ ನನ್ನನ್ನು ಕಂಡರೆ ಆಗದು. ಈ ಒಂದು ವಿಷಯದಲ್ಲಿ ಇಬ್ಬರ ನಡುವೆ ಒಳ್ಳೆಯ ಹೊಂದಾಣಿಕೆ ಇತ್ತು.

ನಾಲ್ಕು ವರ್ಷದ ಹಿಂದೆ ಭಾವನಿಗೆ ಲಕ್ವ ಹೊಡೆದು ಎಡಭಾಗ ಬಿದ್ದುಹೋಯಿತು. ಡಾಕ್ಟರು, ವ್ಯಾಯಾಮ ಮಾಡಿದರೆ ಮತ್ತೆ ಓಡಾಡಬಹುದು ಎಂದಿದ್ದರು. ಕಾಲಿಗೆ ವ್ಯಾಯಾಮ ಮಾಡಿಸಲು ಒಬ್ಬಳು ಹುಡುಗಿ ಮನೆಗೇ ಬರುತ್ತಿದ್ದಳು. ಕೈ ಬೇಗ ಸರಿಹೋಯಿತು, ಮಾತಂತೂ ಒಂದು ದಿನವೂ ನಿಂತಿರಲಿಲ್ಲ. ಕಾಲು ಮಾತ್ರ ಏಳಲಿಲ್ಲ. ಏನೂ ಪ್ರಯೋಜನವಿಲ್ಲ ಎಂದು ಭಾವ ಆ ಹುಡುಗಿಯನ್ನು ಬಿಡಿಸಿದರು. ಅಂದಿನಿಂದ ಅಕ್ಕನೇ ಅವರ ಕಾಲು. ಅವರ ಕಂಕುಳಿಗೆ ತನ್ನ ಹೆಗಲು ಕೊಟ್ಟು, ಉಸಿರು ಬಿಗಿಹಿಡಿದು ಎತ್ತುವಳು. ಮಂಚದಿಂದ ಗಾಲಿಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ, ಬಚ್ಚಲಿಂದ ಮತ್ತೆ ಕುರ್ಚಿಗೆ. ಅವಳ ಸೊಂಟ ಬಿದ್ದುಹೋಗಿತ್ತು. ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುತ್ತಿದ್ದಳು. ಬೆಳಿಗ್ಗೆ ಅವರನ್ನು ಹಿತ್ತಿಲ ಕಡೆಯ ಕಿಟಕಿಯ ಹತ್ತಿರ ಕೂರಿಸಿ, ಪಕ್ಕದಲ್ಲಿ ನೀರು, ಬ್ರೆಡ್ಡು, ರೇಡಿಯೋ, ಮೂತ್ರದ ಡಬ್ಬಿ ಇಟ್ಟು ಕೆಲಸಕ್ಕೆ ಹೋದರೆ ಮಧ್ಯಾಹ್ನ ಬರುವಳು. ಬಂದ ತಕ್ಷಣ ಸಿಗುವ ಸ್ವಾಗತ, ‘ಇಷ್ಟು ಹೊತ್ತು ಬೇಕಾ?’

ಅಕ್ಕನಿಗೆ ಕುಂಬಳದ ಹುಚ್ಚು ಹಿಡಿದದ್ದು ಅದೇ ವರ್ಷ, ಊರಿನ ತರಕಾರಿ ಪ್ರದರ್ಶನದಲ್ಲಿ. ಅಲ್ಲಿನ ಅತಿ ಭಾರದ ಕುಂಬಳದ ಸ್ಪರ್ಧೆಯನ್ನು ಬೇಕರಿಯವನು ಪ್ರತಿ ಸಲವೂ ಗೆಲ್ಲುತ್ತಿದ್ದ. ಅವನ ಕುಂಬಳಕಾಯಿಯನ್ನು ನಾಲ್ಕು ಜನ ಹೊತ್ತು ತಂದು ತಕ್ಕಡಿಯ ಮೇಲಿಟ್ಟಾಗ, ಸುಮ್ಮನೆ ನೋಡಲು ಹೋಗಿದ್ದ ಅಕ್ಕ ಗುಂಪಿನಲ್ಲಿ ನಿಂತಲ್ಲಿಂದಲೇ, ‘ಆ ತಕ್ಕಡಿ ಕಡಿಮೆ ತೋರಿಸ್ತಿದೆ’ ಎಂದಳು. ಎಲ್ಲರೂ ನಕ್ಕರು. ಪರೀಕ್ಷಿಸಿದರೆ ಅವಳು ಹೇಳಿದ್ದೇ ಸರಿ, ತಕ್ಕಡಿಯ ಕಾಲಡಿ ಮಣ್ಣು ಸಿಕ್ಕಿಕೊಂಡಿತ್ತು. ಬೇಕರಿಯವನಿಗೆ ಖುಷಿಯೋ ಖುಷಿ. ಮಾರನೆಯ ವಾರ ಬ್ರೆಡ್ಡಿನ ಪೊಟ್ಟಣದ ಜೊತೆ ತನ್ನ ಕಾಯಿಯ ಬೀಜವನ್ನೂ ಕಟ್ಟಿಕೊಟ್ಟ. ಅಕ್ಕನ ಹಿತ್ತಿಲಲ್ಲಿ ಅಲ್ಲಿಯವರೆಗೆ ಬಟ್ಟೆ ಒಣಗಿಸುವ ಹಗ್ಗ ಬಿಟ್ಟರೆ ಬೇರೇನೂ ಇರಲಿಲ್ಲ.

ಮೊದಲ ವರ್ಷ ಅವಳು ಬಳ್ಳಿ ಬಿಟ್ಟ ಕಾಯನ್ನೆಲ್ಲ ಉಳಿಸಿಕೊಂಡಳು. ಒಂದೂ ತಲೆದಿಂಬಿಗಿಂತ ದೊಡ್ಡದಾಗಲಿಲ್ಲ. ಬೇಕರಿಯವನು ಬಂದು ನೋಡಿ ತಲೆ ಚಚ್ಚಿಕೊಂಡ. ಒಂದು ಬಳ್ಳಿಗೆ ಒಂದೇ ಕಾಯಿ, ಉಳಿದದ್ದನ್ನು ನಿಂಬೆ ಗಾತ್ರ ಆಗುವುದರೊಳಗೆ ಚಿವುಟಿ ಹಾಕಬೇಕು ಎಂದು ಹೇಳಿಕೊಟ್ಟ. ಎರಡನೆಯ ವರ್ಷ ಅಕ್ಕ ಮುಖ ಆಚೆ ತಿರುಗಿಸಿಕೊಂಡು ಚಿವುಟಿದಳು. ಉಳಿದ ಒಂದು ಕಾಯಿ ನಿಜಕ್ಕೂ ಉಬ್ಬತೊಡಗಿತು. ಅದರ ಸಂಭ್ರಮದಲ್ಲಿ ಕೆಲಸದಿಂದ ಬಂದವಳೇ ಸುಡು ಬಿಸಿಲಿನಲ್ಲಿ ಬಕೆಟ್ಟುಗಟ್ಟಲೆ ನೀರು ಸುರಿದಳು. ಒಳಗಿನ ತಿರುಳು ಬೆಳೆದಷ್ಟು ವೇಗವಾಗಿ ಸಿಪ್ಪೆ ಬೆಳೆಯಲಿಲ್ಲ. ಒಂದು ಮಧ್ಯಾಹ್ನ ಟಪ್ ಎಂದು ಉದ್ದಕ್ಕೆ ಸೀಳಿತು. ಭಾವ ಕಿಟಕಿಯಿಂದ ಆ ಶಬ್ದ ಕೇಳಿಸಿಕೊಂಡು ಎಷ್ಟು ನಕ್ಕರೆಂದರೆ ಕಣ್ಣಲ್ಲಿ ನೀರು ಬಂತು. ಮನೆಗೆ ಬಂದವರಿಗೆಲ್ಲ ಅದನ್ನು ಬಾಯಲ್ಲಿ ಸದ್ದು ಮಾಡಿ ಹೇಳಿದರು.

ಮೂರನೆಯ ವರ್ಷ ತೊಟ್ಟು ಕೈಕೊಟ್ಟಿತು. ಕಾಯಿ ಮೇಲಕ್ಕೆ ಉಬ್ಬುತ್ತ ಹೋದಂತೆ ತೊಟ್ಟನ್ನೂ ಮೇಲಕ್ಕೆ ಎಳೆಯುತ್ತದೆ. ಬಳ್ಳಿ ನೆಲಕ್ಕೆ ಬೇರು ಬಿಟ್ಟು ಬಿಗಿಯಾಗಿ ಕೂತಿದ್ದರೆ ನಡುವೆ ತೊಟ್ಟು ಹರಿಯುತ್ತದೆ. ಅಕ್ಕನಿಗೆ ಇದು ಹರಿದ ಮೇಲೆ ತಿಳಿಯಿತು. ಭಾವ, ‘ಲಾರಿ ತೂಗೋಳಿಗೆ ಯಾಕೆ ಬೇಕು ಈ ರೈತರ ಕೆಲಸ’ ಎಂದರು. ಅಕ್ಕ ಹರಿದ ತೊಟ್ಟನ್ನು ಕೊಯ್ದು ಅಡುಗೆಮನೆಯ ಮೇಜಿನ ಮೇಲಿಟ್ಟುಕೊಂಡು ಎಲ್ಲಿಂದ ಹರಿದಿದೆ ಎಂದು ತಿರುಗಿಸಿ ತಿರುಗಿಸಿ ನೋಡುತ್ತ ಕೂತಳು. ಅವಳಿಗೆ ಸೋಲು ಬೇಸರ ತರುತ್ತಿರಲಿಲ್ಲ. ಸೋತದ್ದೇಕೆ ಎಂದು ಗೊತ್ತಾಗದಿದ್ದರೆ ಮಾತ್ರ ನಿದ್ದೆ ಬರುತ್ತಿರಲಿಲ್ಲ.

ಈ ವರ್ಷ ಅವಳು ಒಂದೂ ತಪ್ಪು ಮಾಡಲಿಲ್ಲ. ಬೆಳಕು ಹರಿಯುವ ಮೊದಲೇ ಎದ್ದು, ಹಿಂದಿನ ಸಂಜೆ ದುಂಬಿ ಹೋಗದಂತೆ ದಾರ ಕಟ್ಟಿಟ್ಟಿದ್ದ ಹೆಣ್ಣು ಹೂವಿನ ಬಾಯಿ ಬಿಚ್ಚಿ ಗಂಡು ಹೂವನ್ನು ತಾನೇ ಒತ್ತಿ ಪರಾಗ ಹಚ್ಚಿದಳು. ಕಾಯಿ ಕಚ್ಚಿದ ಮೇಲೆ ಅದರ ಹತ್ತಿರದ ಬೇರುಗಳನ್ನು ಕತ್ತರಿಸಿ ಬಳ್ಳಿಯನ್ನು ದಿನಕ್ಕಿಷ್ಟೇ ಇಷ್ಟು ಆಚೆಗೆ ಬಾಗಿಸಿದಳು. ಅಡಿಗೆ ಮರಳು ಹಾಸಿದಳು. ನನ್ನದು ಇಸ್ತ್ರಿ ಅಂಗಡಿ, ಗಿರಾಕಿಗಳು ಬಿಟ್ಟುಹೋದ ಹೊದಿಕೆಗಳು ನನ್ನಲ್ಲಿ ಬೇಕಾದಷ್ಟು ಇರುತ್ತವೆ. ಅವನ್ನು ಕೋಲುಗಳಿಗೆ ಕಟ್ಟಿ ಕಾಯಿಗೆ ನೆರಳು ಮಾಡಿದೆವು. ಬೇರು ತುಳಿಯಬಾರದೆಂದು ಹಿತ್ತಿಲ ತುಂಬ ಮರದ ಹಲಗೆ ಹಾಸಿ, ಅದರ ಮೇಲೆ ಮಾತ್ರ ಓಡಾಡಿದಳು. ನಾನು ಒಮ್ಮೆ ತಪ್ಪಿ ಮಣ್ಣಿಗೆ ಕಾಲಿಟ್ಟದ್ದಕ್ಕೆ ಎರಡು ದಿನ ಮಾತು ಬಿಟ್ಟಳು. ಸಂಜೆ ನನ್ನ ಟೇಪು ಹಿಡಿದು ಸುತ್ತಳತೆ, ಅಡ್ಡಗಲ, ಉದ್ದ ನೋಡಿ, ಇಷ್ಟು ತೂಕ ಇರುತ್ತದೆ ಎಂದು ಲೆಕ್ಕ ಹಾಕುವಳು. ಕಾಯಿ ನನ್ನ ಸೊಂಟದ ಎತ್ತರ ದಾಟಿತು. ಬೇಕರಿಯವನು ನೋಡಿ ಹೋಗಲು ಬಂದವನು ಟೀ ಕೂಡ ಕುಡಿಯದೆ ಹೊರಟುಹೋದ.

ಊಟದ ಹೊತ್ತಿಗೆ ಅವಳು ಪ್ರದರ್ಶನದ ನಿಯಮಗಳನ್ನು ಭಾವನಿಗೆ ಓದಿ ಹೇಳುತ್ತಿದ್ದಳು. ಯಾರ ಜೊತೆಯಾದರೂ ಹಂಚಿಕೊಳ್ಳಬೇಕಲ್ಲ, ಪಾಪ. ಮೇಲೆ ಗೀರಿದ್ದರೆ ಅಡ್ಡಿಯಿಲ್ಲ. ಆದರೆ ಕಾಯಿಯ ಹೊಟ್ಟೆಯೊಳಗಿನ ಪೊಳ್ಳಿಗೆ ತಲುಪುವ ಒಂದೇ ಒಂದು ತೂತಿದ್ದರೂ ಕಾಯಿ ಸ್ಪರ್ಧೆಯಿಂದ ಹೊರಗೆ, ಏಕೆಂದರೆ ಹಿಂದೆ ಯಾರೋ ತೂತು ಕೊರೆದು ನೀರು ತುಂಬಿಸಿದ್ದರಂತೆ. ಭಾವ ತಿನ್ನುತ್ತ ಕೇಳುವರು. ನಡುವೆ ಪತ್ರಿಕೆಯವನೊಬ್ಬ ಫೋಟೋ ತೆಗೆಯಲು ಬಂದ. ಬ್ರೇಕ್ ಮೇಷ್ಟ್ರು ಯಾರೆಂದು ಅವನಿಗೆ ಗೊತ್ತೇ ಇರಲಿಲ್ಲ. ‘ಕುಂಬಳಕಾಯಿ ಮೇಡಮ್ಮಿನ ಯಜಮಾನ್ರಾ? ಸ್ವಲ್ಪ ಕುರ್ಚಿ ಆ ಕಡೆ ತಳ್ಳಿ, ಚಿತ್ರದಲ್ಲಿ ಅಡ್ಡ ಬರ್ತೀರಿ’ ಎಂದ. ಭಾವನ ಮುಖ ಕಪ್ಪಿಟ್ಟಿತು. ಇಲ್ಲಿ ಗೆದ್ದವರನ್ನು ರಾಜಧಾನಿಯ ದೊಡ್ಡ ಪ್ರದರ್ಶನಕ್ಕೆ ಕಳಿಸುತ್ತಾರೆ, ಒಂದು ವಾರ ಅಲ್ಲಿರಬೇಕು. ಆ ವಾರ ಭಾವನನ್ನು ನಾನು ನೋಡಿಕೊಳ್ಳುವುದೆಂದು ಮಾತಾಗಿತ್ತು. ನನ್ನ ಕೈಗೆ ಸಿಗುವುದು ಅವರಿಗೆ ಎಷ್ಟು ಇಷ್ಟವಿತ್ತೆಂದು ಬೇರೆ ಹೇಳಬೇಕಾಗಿಲ್ಲ.

ಪ್ರದರ್ಶನದ ದಿನ ಬಾಡಿಗೆ ವ್ಯಾನಿನಲ್ಲಿ ಹಾಸಿಗೆ ಹಾಸಿ ಕಾಯಿಯನ್ನು ಕೂರಿಸಿಕೊಂಡು ಹೋದೆವು. ತೀರ್ಪುಗಾರರು ದನದ ಡಾಕ್ಟರು. ನಿವೃತ್ತರಾದ ಮೇಲೆ ದನ ಸಿಗದೆ ಕುಂಬಳಕಾಯಿಗಳ ಹೊಟ್ಟೆ ತಟ್ಟಿ ನೋಡುತ್ತಾರೆ ಎಂದು ಊರಲ್ಲಿ ತಮಾಷೆ. ಅಕ್ಕನ ಕಾಯಿ ತಕ್ಕಡಿಗೆ ಏರಿದಾಗ ಅವಳು ಮೊದಲೇ ಹೇಳಿದ್ದ ತೂಕಕ್ಕೂ ಮುಳ್ಳು ತೋರಿಸಿದ್ದಕ್ಕೂ ಒಂದು ಹಿಡಿ ಕಾಳಿನಷ್ಟೂ ವ್ಯತ್ಯಾಸ ಬರಲಿಲ್ಲ. ಬೇಕರಿಯವನದಕ್ಕಿಂತ ಎಷ್ಟೋ ಹೆಚ್ಚು. ಜನ ಚಪ್ಪಾಳೆ ತಟ್ಟಿದರು. ಅಕ್ಕ ಸೆರಗಿನಿಂದ ಕತ್ತು ಒರೆಸಿಕೊಂಡು ನನ್ನ ಕಡೆ ನೋಡಿದಳು. ಆ ಮುಖವನ್ನು ನಾನು ಅವಳ ಮದುವೆಯಲ್ಲೂ ಕಂಡಿರಲಿಲ್ಲ.

ಡಾಕ್ಟರು ಕೊನೆಯದಾಗಿ ಕಾಯಿಯನ್ನು ಸುತ್ತ ತಡವಿ ನೋಡುತ್ತ ಹಿಂಬದಿಗೆ ಹೋದರು. ನೆಲಕ್ಕೆ ಹತ್ತಿರ, ಎರಡು ಉಬ್ಬಿನ ನಡುವಿನ ಮಡಿಕೆಯಲ್ಲಿ, ಅವರ ಬೆರಳು ನಿಂತಿತು. ಉಗುರಿನಿಂದ ಕೆರೆದರು. ಮಣ್ಣು ಮೆತ್ತಿದ ಹಕ್ಕಳೆಯಂಥದ್ದೊಂದು ಕಿತ್ತು ಬಂತು. ತೆಳ್ಳನೆಯ ಹೆಣಿಗೆ ಕಡ್ಡಿಯನ್ನು ಅಲ್ಲಿಟ್ಟು ಒತ್ತಿದರು. ಕಡ್ಡಿ ಎಲ್ಲೂ ತಡೆಯದೆ ಬುಡದವರೆಗೂ ಒಳಗೆ ಹೋಯಿತು.

‘ತೂತು ಬಿದ್ದಿದ್ರೆ ಪಾಪ ಅನ್ನಬಹುದಿತ್ತು, ಇದನ್ನ ಮುಚ್ಚಿದ್ದಾರೆ. ಮುಚ್ಚಿದ್ದು ಯಾರಮ್ಮ?’ ಎಂದರು.

ಬೇಕರಿಯವನು ಎಲ್ಲರಿಗೂ ಕೇಳುವ ಹಾಗೆ, ನೀರು ತುಂಬಿಸಿ ಮುಚ್ಚಿರುತ್ತಾರೆ, ಇಲ್ಲದಿದ್ದರೆ ಇಷ್ಟು ತೂಕ ಎಲ್ಲಿಂದ ಬರುತ್ತದೆ ಎಂದ. ಅಕ್ಕ, ಇಲ್ಲೇ ಕತ್ತರಿಸಿ ನೋಡಿ ಎಂದಳು. ತೂತಿದ್ದ ಮೇಲೆ ಕತ್ತರಿಸುವ ಮಾತೇ ಇಲ್ಲ, ನೀರು ಇಷ್ಟು ಹೊತ್ತಿಗೆ ಇಂಗಿಯೂ ಹೋಗಿರಬಹುದು ಎಂದರು ಡಾಕ್ಟರು. ಮತ್ತೆ ಅದೇ ಪ್ರಶ್ನೆ ಕೇಳಿ, ಕಿತ್ತ ಹಕ್ಕಳೆಯನ್ನು ಅವಳ ಅಂಗೈಗೆ ಹಾಕಿದರು. ನಾನು ಬಗ್ಗಿ ನೋಡಿದೆ. ಜಗಿದು ಉಂಡೆ ಮಾಡಿದ ಚ್ಯೂಯಿಂಗ್ ಗಮ್. ಅಕ್ಕ ಅದನ್ನು ಮೂಗಿನ ಹತ್ತಿರ ಹಿಡಿದಳು. ನನಗೂ ವಾಸನೆ ಬಂತು, ಲವಂಗ. ಸಿಗರೇಟು ಬಿಡಿಸಿದ ಮೇಲೆ ಭಾವನಿಗೆ ಆಸ್ಪತ್ರೆಯ ಡಾಕ್ಟರು ಹೇಳಿದ ಗಮ್ ಅದು. ಆಸ್ಪತ್ರೆ ಎದುರಿನ ಔಷಧಿ ಅಂಗಡಿಯಲ್ಲಿ ಬಿಟ್ಟರೆ ಎಲ್ಲೂ ಸಿಗುವುದಿಲ್ಲ. ವಾರ ವಾರ ತಂದುಕೊಡುತ್ತಿದ್ದವಳು ನಾನೇ.

ಮನೆಯ ಕುರ್ಚಿಗೂ ಆ ಕಾಯಿಯ ಹಿಂಬದಿಗೂ ನಡುವೆ ಮೂರು ಮೆಟ್ಟಿಲು, ಇಡೀ ಹಿತ್ತಿಲು. ಬಿದ್ದ ಕಾಲಿನವನು ಅಲ್ಲಿಗೆ ಹೋಗಲಾರ. ಹೋಗಿದ್ದಾನೆಂದರೆ ಕಾಲು ಬಿದ್ದಿಲ್ಲ. ಇಷ್ಟು ಲೆಕ್ಕ ಹಾಕಲು ವೇಬ್ರಿಡ್ಜ್ ಬೇಕಾಗಿಲ್ಲ. ಇಲ್ಲಿಂದ ಮುಂದೆ ಆ ಮನುಷ್ಯನಿಗೆ ಬಹುವಚನ ಹಚ್ಚಲು ನನ್ನಿಂದಾಗದು, ಓದುವವರು ಕ್ಷಮಿಸಬೇಕು.

ಅಕ್ಕ ಬಾಯಿ ತೆರೆಯಲಿಲ್ಲ. ತೆರೆದು ಏನು ಹೇಳುವುದು? ಲಕ್ವ ಹೊಡೆದು ಮಲಗಿದ ಗಂಡ ಎದ್ದು ಬಂದು ತೂತು ಕೊರೆದ ಎಂದೇ? ಅವಳು ಸುಮ್ಮನೆ ನಿಂತದ್ದನ್ನು ಜನ ಒಪ್ಪಿಕೊಂಡ ಹಾಗೆ ಎಂದು ತಿಳಿದರು. ಡಾಕ್ಟರು ಮೈಕು ಹಿಡಿದು, ಮೋಸಕ್ಕಾಗಿ ಇವರಿಗೆ ಇನ್ನೆಂದೂ ಪ್ರವೇಶವಿಲ್ಲ ಎಂದು ಘೋಷಿಸಿದರು. ಗುಂಪಿನಲ್ಲಿದ್ದ ಲಾರಿ ಡ್ರೈವರೊಬ್ಬ, ‘ನಮ್ಮ ಲಾರಿಗಳನ್ನೂ ಹೀಗೇ ತೂಗಿರ್ತಾಳೆ ಬಿಡು’ ಎಂದ. ಅಲ್ಲಿಯವರೆಗೆ ನೆಟ್ಟಗೆ ನಿಂತಿದ್ದ ಅಕ್ಕ ಆ ಮಾತಿಗೆ ಕುಸಿದು ವ್ಯಾನಿನ ಹಲಗೆಯ ಮೇಲೆ ಕೂತಳು.

ಮನೆಗೆ ಬಂದಾಗ ಅವನು ಕಿಟಕಿಯ ಹತ್ತಿರ, ಕಾಲ ಮೇಲೆ ಶಾಲು ಹೊದ್ದುಕೊಂಡು, ಏನಾಯಿತು ಎಂದು ಕೇಳಿದ. ಹಿಂಬದಿಯಲ್ಲಿ ತೂತಿತ್ತಂತೆ ಎಂದಳು ಅಕ್ಕ. ಅವನು ನಿಧಾನವಾಗಿ ತಲೆ ಆಡಿಸಿ, ‘ಇಲಿ ಇರಬೇಕು’ ಎಂದ. ಅಕ್ಕ, ‘ಇರಬೇಕು’ ಎಂದಳು. ನಾನು ಹಲ್ಲು ಕಚ್ಚಿಕೊಂಡು ಹೊರಗೆ ಬಂದೆ. ಇಲ್ಲದಿದ್ದರೆ ಅವತ್ತೇ ಅವನ ಕುರ್ಚಿ ಸಮೇತ ಬೀದಿಗೆ ಉರುಳಿಸುತ್ತಿದ್ದೆ.

ಮರುದಿನ ವೇಬ್ರಿಡ್ಜಿನಲ್ಲಿ ಮೂವರು ಡ್ರೈವರುಗಳು ಅವಳ ಚೀಟಿ ಬೇಡವೆಂದರಂತೆ. ಮಾಲೀಕ ಕೆಟ್ಟವನಲ್ಲ. ಸ್ವಲ್ಪ ದಿನ ಒಳಗೆ ಕೂತು ಹಳೆಯ ಕಾಗದ ಜೋಡಿಸಮ್ಮ, ಗಲಾಟೆ ತಣ್ಣಗಾಗಲಿ ಎಂದು ತಕ್ಕಡಿಯ ಕೋಣೆಯ ಬೀಗದ ಕೈ ವಾಪಸ್ಸು ಇಸಿದುಕೊಂಡ. ಅಕ್ಕ ಇದನ್ನು ನನಗೆ ಹೇಳುವಾಗ ಅಳಲಿಲ್ಲ. ನಾಳೆ ಬೆಳಿಗ್ಗೆ ಅಂಗಡಿ ಮುಚ್ಚಿ ಬಾ ಎಂದಷ್ಟೇ ಹೇಳಿದಳು.

ಬೆಳಿಗ್ಗೆ ಅವಳು ಎಂದಿನಂತೆ ಅವನನ್ನು ಎತ್ತಿ ಕೂರಿಸಿ, ನೀರು, ಬ್ರೆಡ್ಡು ಇಟ್ಟು, ಬಾಗಿಲು ಎಳೆದುಕೊಂಡು ಹೋದಳು. ಬೀದಿ ಬಳಸಿ, ನಾನು ಕಾಯುತ್ತಿದ್ದ ಹಿಂದಿನ ಬೇಲಿಯ ಕಡೆಯಿಂದ ಬಂದಳು. ಪ್ರದರ್ಶನದಿಂದ ತಂದ ಕಾಯಿ ಹಿತ್ತಿಲಲ್ಲೇ ಇತ್ತು. ಇಬ್ಬರು ದೊಡ್ಡ ಹೆಂಗಸರು ಕುಂಬಳಕಾಯಿಯ ಹಿಂದೆ ಅಡಗಿ ಕೂತೆವು. ಬೇರೆ ದಿನವಾಗಿದ್ದರೆ ನಗು ತಡೆಯಲು ಆಗುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಅವನು ಶಾಲು ತೆಗೆದು ಮಡಿಸಿಟ್ಟ. ಎದ್ದು ನಿಂತ. ಕೈ ಮೇಲೆತ್ತಿ ಮೈ ಮುರಿದ. ಎಡಗಾಲು ಕೊಂಚ ಎಳೆಯುತ್ತಿತ್ತು, ಅಷ್ಟೇ. ಹಿತ್ತಿಲಿಗೇ ಕಿಟಕಿಯಿದ್ದ ಅಡುಗೆಮನೆಗೆ ನಡೆದುಹೋಗಿ ಎರಡು ಮೊಟ್ಟೆ ಒಡೆದು ಹುರಿದುಕೊಂಡು, ನಿಂತೇ ತಿಂದ. ಆಮೇಲೆ ಬಾಣಲೆ ತೊಳೆದು, ಒರೆಸಿ, ಅದರ ಜಾಗದಲ್ಲಿ ಅದರ ಹಿಡಿ ಯಾವ ಕಡೆ ಇತ್ತೋ ಆ ಕಡೆಗೇ ತಿರುಗಿಸಿಟ್ಟ. ಸೋಪಿನ ನೊರೆಯನ್ನೂ ಬಟ್ಟೆಯಿಂದ ಒರೆಸಿದ. ಮದುವೆಯಾದಾಗಿನಿಂದ ಒಂದು ಲೋಟ ತೊಳೆಯದ ಗಂಡಸು.

‘ಬಾಣಲೆ ಎಷ್ಟು ಚೆನ್ನಾಗಿ ತೊಳೀತಾರೆ ನೋಡು’ ಎಂದಳು ಅಕ್ಕ.

ನಾನು ನುಗ್ಗಲು ಎದ್ದೆ. ಅವಳು ನನ್ನ ಮಣಿಕಟ್ಟು ಹಿಡಿದು ಕೂರಿಸಿದಳು. ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಬಳೆ ಚರ್ಮಕ್ಕೆ ಒತ್ತಿತು. ‘ನೀನು ನೋಡಿ ಏನು ಬಂತು? ನೀನು ನನ್ನ ತಂಗಿ. ನಿನ್ನ ಮಾತು ಯಾರು ನಂಬ್ತಾರೆ? ಊರು ನೋಡ್ಬೇಕು.’ ಅವನು ಮತ್ತೆ ಬಂದು ಕುರ್ಚಿಯಲ್ಲಿ ಕೂತು ಶಾಲು ಹೊದ್ದುಕೊಂಡ. ಬಾಯಿಗೆ ಒಂದು ಗಮ್ ಹಾಕಿಕೊಂಡು ರೇಡಿಯೋ ಹಚ್ಚಿದ.

ಊರಿನ ಆ ತುದಿಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಒಂದು ಆರೈಕೆ ಕೇಂದ್ರವಿದೆ. ಅಕ್ಕ ಅಲ್ಲಿಗೆ ಫೋನ್ ಮಾಡಿದಳು. ನನ್ನ ಸೊಂಟ ಮುರಿದಿದೆ, ಇನ್ನು ಎತ್ತಲಾರೆ ಎಂದು ಹೇಳಿದಳು. ಅದು ನಿಜವೇ ಆಗಿತ್ತು. ಆ ಸಂಜೆ ಅವನಿಗೆ ವಿಷಯ ತಿಳಿಸಿದಾಗ ಅವನು ನಕ್ಕ. ಹೆದರಿಸುತ್ತಿದ್ದಾಳೆ ಎಂದುಕೊಂಡಿದ್ದ. ರಾತ್ರಿ ಅವಳು ಅವನ ಅಂಗಿಗಳನ್ನು ಮಡಿಸಿ ಚೀಲಕ್ಕೆ ತುಂಬುವಾಗಲೂ, ನೀನು ನಾಟಕ ಚೆನ್ನಾಗಿ ಮಾಡುತ್ತೀ ಎಂದನಂತೆ. ಯಾರು ಯಾರಿಗೆ ಹೇಳುವ ಮಾತು.

ವ್ಯಾನು ಬಂದಾಗ ಅಕ್ಕಪಕ್ಕದವರೆಲ್ಲ ಬಾಗಿಲಿಗೆ ಬಂದು ನಿಂತರು. ನಾನೂ ಇದ್ದೆ. ಬಿಳಿ ಅಂಗಿಯ ಇಬ್ಬರು ಆಳುಗಳು ಒಳಗೆ ಹೋಗಿ ಅವನನ್ನು ಸ್ಟ್ರೆಚರಿನಲ್ಲಿ ಮಲಗಿಸಿ ಹೊತ್ತು ತಂದರು. ಅವನ ಕಣ್ಣು ಅಕ್ಕನ ಮೇಲೆಯೇ ಇತ್ತು. ಎದ್ದು ನಿಂತಿದ್ದರೆ ಮುಗಿದುಹೋಗುತ್ತಿತ್ತು. ನಾಲ್ಕು ವರ್ಷ ತನಗೆ ಅಯ್ಯೋ ಪಾಪ ಎಂದವರೆಲ್ಲ ಸಾಲಾಗಿ ನಿಂತಿದ್ದಾರೆ. ಅವರೆದುರು ಎದ್ದು ನಿಲ್ಲುವುದು ಹೇಗೆ? ಅವನು ತೆಪ್ಪಗೆ ಮಲಗಿಯೇ ಇದ್ದ. ಹೆಂಗಸರು ಮೂಗಿನ ಮೇಲೆ ಬೆರಳಿಟ್ಟು, ಮೋಸ ಸಿಕ್ಕಿಬಿದ್ದ ಸಿಟ್ಟನ್ನು ಪಾಪ ಮೇಷ್ಟ್ರ ಮೇಲೆ ತೀರಿಸುತ್ತಿದ್ದಾಳೆ ಎಂದು ಮಾತಾಡಿಕೊಂಡರು.

ವ್ಯಾನಿನೊಳಗೆ ಎದೆಗೊಂದು, ಸೊಂಟಕ್ಕೊಂದು, ತೊಡೆಗೊಂದು ಬೆಲ್ಟು ಬಿಗಿದ ಮೇಲೆ ಅವನಿಗೆ ಇದು ನಾಟಕವಲ್ಲವೆಂದು ತಿಳಿಯಿತು.

‘ಬಿಡ್ರೋ. ನಾನು ನಡೀತೀನಿ. ನಂಗೆ ನಡೆಯೋಕೆ ಬರುತ್ತೆ.’

ದೊಡ್ಡ ಆಳು ಅವನ ಭುಜ ತಟ್ಟಿದ. ಎಲ್ಲರೂ ಮೊದಲ ದಿನ ಹೀಗೇ ಹೇಳುತ್ತಾರೆ ಎನ್ನುವ ಮುಖ ಅವನದು. ಆದರೂ ಕರ್ತವ್ಯ ನೋಡಿ, ಬಾಗಿಲ ಹತ್ತಿರ ನಿಂತಿದ್ದ ಅಕ್ಕನ ಕಡೆ ತಿರುಗಿ, ‘ನಡೀತಾರಾಮ್ಮ?’ ಎಂದು ಕೇಳಿದ.

ಅಕ್ಕ ಗಂಡನ ಮುಖವನ್ನು ನೋಡಿದಳು. ‘ಇಲ್ಲ. ನಾಲ್ಕು ವರ್ಷದಿಂದ ಹೆಜ್ಜೆ ಇಟ್ಟಿಲ್ಲ’ ಎಂದಳು.

ಆಳು ನನ್ನನ್ನೂ ನೋಡಿದ. ನಾನು ಅಕ್ಕನ ಪಕ್ಕದಲ್ಲೇ ಇದ್ದೆ, ತುಟಿ ಬಿಚ್ಚಲಿಲ್ಲ. ಆಳು ಬಾಗಿಲು ಹಾಕಿದ. ಒಳಗಿನಿಂದ ಭಾವ ಅಕ್ಕನ ಹೆಸರು ಹಿಡಿದು ಕೂಗಿದ್ದು ವ್ಯಾನು ತಿರುವು ದಾಟುವವರೆಗೂ ಕೇಳುತ್ತಿತ್ತು. ನನಗೆ ಸಂತೋಷವಾಯಿತು. ಸುಳ್ಳೇಕೆ, ಹೊಟ್ಟೆ ತಣ್ಣಗಾಯಿತು.

ಒಳಗೆ ಹೋದ ಮೇಲೆ ನಾನು ಅಕ್ಕನನ್ನು ಕೇಳಿದೆ, ಅಲ್ಲಿನ ಡಾಕ್ಟರಿಗೆ ನಾಳೆಯೇ ಗೊತ್ತಾಗುತ್ತದಲ್ಲ ಎಂದು. ‘ಗೊತ್ತಾಗ್ಲಿ ಅಂತಾನೇ ಕಳಿಸಿದ್ದು. ಎಷ್ಟು ದಿನ ಮಲಗಿರ್ತಾರೆ? ಒಂದಿನ ಎದ್ದು ನಡ್ಕೊಂಡೇ ಬರ್ತಾರೆ. ಬರೋ ದಾರೀಲಿ ದನದ ಡಾಕ್ಟರ ಮನೆ ಇದೆ, ಬೇಕರಿ ಇದೆ, ಲಾರಿ ನಿಲ್ಲೋ ಜಾಗ ಇದೆ. ಎಲ್ಲರೂ ಕಣ್ಣಾರೆ ನೋಡ್ಲಿ. ಆಮೇಲೆ ಆ ತೂತು ಯಾರದು ಅಂತ ನಾನು ಬಾಯಿ ಬಿಡಬೇಕಾಗಿಲ್ಲ’ ಎಂದಳು. ಅವಳು ಇಷ್ಟು ಉದ್ದ ಮಾತಾಡಿದ್ದು ನಾನು ಕೇಳಿರಲಿಲ್ಲ. ನನ್ನ ಅಕ್ಕ ಜೀವಮಾನದಲ್ಲಿ ಮೊದಲ ಬಾರಿಗೆ ಸುಳ್ಳು ಹೇಳಿದ್ದಳು, ಅದನ್ನೂ ಅಳೆದು ತೂಗಿಯೇ ಹೇಳಿದ್ದಳು.

ಆಮೇಲೆ ಅವಳು ಕಾಯತೊಡಗಿದಳು. ಮುಂಬಾಗಿಲು ತೆರೆದಿಟ್ಟು, ಕೆಲಸ ಮುಗಿಸಿ ಬಂದವಳೇ ರಸ್ತೆಗೆ ಮುಖ ಮಾಡಿ ಕೂರುವಳು. ಕಾಯನ್ನು ಕತ್ತರಿಸಲು ಬಿಡಲಿಲ್ಲ. ಅವರು ಬಂದ ಮೇಲೆ, ಜನ ಸೇರಿದ ಮೇಲೆ, ತೂತು ತೋರಿಸಬೇಕು ಎಂದಳು. ತೂತಿನ ಸುತ್ತ ಮೊದಲು ಕಪ್ಪಾಯಿತು, ಆಮೇಲೆ ಮೆತ್ತಗಾಯಿತು, ನೊಣ ಮುತ್ತಿತು. ಒಂದು ಬೆಳಿಗ್ಗೆ ಇಡೀ ಕಾಯಿ ಕುಸಿದು ಹಿತ್ತಿಲೆಲ್ಲ ನಾರಿತು. ನಾನೇ ಸಲಿಕೆಯಿಂದ ಎತ್ತಿ ಗುಂಡಿಗೆ ಹಾಕಿದೆ. ಬೀಜ ಆರಿಸಿಡಲೇ ಎಂದರೆ ಬೇಡ ಎಂದಳು. ಪ್ರದರ್ಶನಕ್ಕೆ ಪ್ರವೇಶವಿಲ್ಲದವಳಿಗೆ ಬೀಜವೇಕೆ. ವೇಬ್ರಿಡ್ಜಿನಲ್ಲಿ ಅವಳ ಜಾಗಕ್ಕೆ ಹೊಸಬನನ್ನು ತಂದರು. ಅವನು ಡ್ರೈವರನ್ನು ಕೆಳಗಿಳಿಸುತ್ತಾನೋ ಇಲ್ಲವೋ ಎಂದು ಅವಳು ಕಾಗದ ಜೋಡಿಸುತ್ತ ಕಿಟಕಿಯಿಂದ ನೋಡುತ್ತಾಳೆ. ಇಳಿಸುವುದಿಲ್ಲವಂತೆ.

ಬ್ರೇಕ್ ಮೇಷ್ಟ್ರು ಬರಲಿಲ್ಲ.

ಚಳಿ ಹಿಡಿದ ಮೇಲೆ ಅಕ್ಕ ತಡೆಯಲಾರದೆ ನೋಡಲು ಹೊರಟಳು. ನಾನೂ ಹೋದೆ. ಮಹಡಿಯ ಉದ್ದನೆಯ ಕೋಣೆ, ಎರಡು ಸಾಲು ಮಂಚ, ಮಂಚಕ್ಕೆಲ್ಲ ಕಂಬಿ. ಅವನು ಕೊನೆಯ ಮಂಚದಲ್ಲಿದ್ದ. ನಮ್ಮನ್ನು ಕಂಡು ಮುಖ ಗೋಡೆಯ ಕಡೆ ತಿರುಗಿಸಿದ. ನರ್ಸು ಅಕ್ಕನನ್ನು ಕಂಡು ಖುಷಿಯಾಗಿ ಮಾತಾಡಿಸಿದಳು. ಇಷ್ಟು ತೊಂದರೆ ಕೊಡದ ರೋಗಿ ಇನ್ನೊಬ್ಬರಿಲ್ಲವಂತೆ. ಮೊದಮೊದಲು ಡಾಕ್ಟರು, ಇವರ ನರ ಸರಿಯಿದೆ, ನಿಲ್ಲಿಸಿ ನೋಡಿ ಎಂದರಂತೆ. ಇಬ್ಬರು ಹಿಡಿದು ನಿಲ್ಲಿಸಿದರೆ ಕಾಲು ಸಡಿಲ ಬಿಟ್ಟು ಬೀಳುತ್ತಿದ್ದನಂತೆ. ಎಷ್ಟು ಸಲ ಎಂದು ನಿಲ್ಲಿಸುವುದು, ಅವರೂ ಬಿಟ್ಟರು. ಅವನಿಗೂ ಆ ದಾರಿಯಲ್ಲಿ ಬೇಕರಿ ಇರುವುದು ಗೊತ್ತಿತ್ತಲ್ಲ. ಅಕ್ಕನ ಲೆಕ್ಕ ಅವನಿಗೆ ಮೊದಲ ದಿನವೇ ಅರ್ಥವಾಗಿತ್ತು. ನಡೆದು ಬಂದು ಅವಳ ಹೆಸರು ಉಳಿಸುವುದಕ್ಕಿಂತ ಮಲಗಿರುವುದೇ ವಾಸಿ ಎಂದು ತೀರ್ಮಾನಿಸಿ, ಇಷ್ಟು ತಿಂಗಳು ಕದಲದೆ ಮಲಗಿದ್ದ.

‘ನೀವು ಅವತ್ತು ನಮ್ಮ ಆಳಿಗೆ ಹೇಳಿದ್ದೇ ನಿಜ ಅಮ್ಮ’ ಎಂದು ನರ್ಸು ಹೊದಿಕೆ ಸರಿಸಿ ತೋರಿಸಿದಳು.

ಕಾಲುಗಳಲ್ಲಿ ಮಾಂಸವೇ ಇರಲಿಲ್ಲ. ಮಂಡಿಗಳು ಮಾತ್ರ ದಪ್ಪವಾಗಿ ಕಾಣುತ್ತಿದ್ದವು, ಪಾದಗಳು ಒಳಕ್ಕೆ ಬಾಗಿ ಹಾಗೆಯೇ ಸೆಟೆದಿದ್ದವು. ಇನ್ನು ಅವು ಯಾರನ್ನೂ ಹೊರುವಂತಿರಲಿಲ್ಲ. ನನಗೆ ಹಿಗ್ಗಬೇಕೆನಿಸಿತು, ಆಗಲಿಲ್ಲ. ನಾನು ಅಕ್ಕನ ಮುಖ ನೋಡಿದೆ. ಅವಳು ಆ ಕಾಲುಗಳನ್ನೇ ನೋಡುತ್ತಿದ್ದಳು. ಆಮೇಲೆ ಹೊದಿಕೆಯನ್ನು ಪಾದದವರೆಗೂ ಎಳೆದು ಸರಿಮಾಡಿದಳು.

ಅವನು ಗೋಡೆಯ ಕಡೆಯಿಂದ ತಿರುಗಿ, ‘ಇಷ್ಟು ಹೊತ್ತು ಬೇಕಾ ಬರೋಕೆ? ನೀರು ಕೊಡು’ ಎಂದ.

ಅಕ್ಕ ಕಂಬಿ ಇಳಿಸಿ, ಅವನ ಕಂಕುಳಿಗೆ ಹೆಗಲು ಕೊಟ್ಟು, ಉಸಿರು ಬಿಗಿಹಿಡಿದು ಎತ್ತಿ ಕೂರಿಸಿದಳು. ಆಮೇಲೆ ಲೋಟವನ್ನು ಅವನ ಬಾಯಿಗೆ ಹಿಡಿದಳು.